ಹಳೆಯ ಜೋಡುನಳಿಗೆ ಕೋವಿಗಳ ಸಂಗ್ರಹ: ಹೆಸರಿಗಿಂತ ಮೊದಲು ನಳಿಗೆ ನೋಡಿ

ಅಪರೂಪದ ಜೋಡುನಳಿಗೆ ಕೋವಿ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಲಾಕ್‌ಪ್ಲೇಟಿನ (ಕೋವಿಯ ಪಕ್ಕದ ಲೋಹದ ತಗಡಿನ) ಮೇಲೆ ಕೆತ್ತಿದ ತಯಾರಕರ ಹೆಸರಿಗೆ. ಪರ್ಡಿ, ಬಾಸ್, ಹಾಲೆಂಡ್ ಅಂಡ್ ಹಾಲೆಂಡ್, ಪಾರ್ಕರ್ ಎಂದು ಓದಿದ ಕೂಡಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಮೋಸಹೋಗುವುದೂ ಅಲ್ಲಿಯೇ. ಹೆಸರನ್ನು ಒಬ್ಬ ಕೆತ್ತನೆಗಾರ ಒಂದು ಮಧ್ಯಾಹ್ನದಲ್ಲಿ ಬರೆಯಬಲ್ಲ. ನೂರು ವರ್ಷ ಸವೆದ ನಳಿಗೆಗೆ ಕಳೆದುಹೋದ ಲೋಹವನ್ನು ಮರಳಿ ಕೊಡಲು ಯಾರಿಂದಲೂ ಆಗದು. ಆದ್ದರಿಂದ ನೋಡುವ ಕ್ರಮವನ್ನೇ ತಿರುಗಿಸಬೇಕು: ಮೊದಲು ನಳಿಗೆ, ಆಮೇಲೆ ಪ್ರೂಫ್ ಮುದ್ರೆ (ಒತ್ತಡದ ಪರೀಕ್ಷೆ ದಾಟಿದ್ದಕ್ಕೆ ಒತ್ತುವ ಅಧಿಕೃತ ಗುರುತು), ಆಮೇಲೆ ಆ್ಯಕ್ಷನ್ (ನಳಿಗೆ ಕೂರುವ, ಕೋವಿ ತೆರೆದು ಮುಚ್ಚುವ ಲೋಹದ ಭಾಗ), ಮರ, ಲಾಕು (ಈಡು ಹಾರಿಸುವ ಯಂತ್ರ). ಹೆಸರು ಕೊನೆಗೆ.

ಅದಕ್ಕೂ ಮುಂಚೆ ಲೈಸೆನ್ಸ್. ಯಾವ ಕೋವಿಯನ್ನು ‘ಪುರಾತನ ವಸ್ತು’ ಎಂದು ಬಿಡುತ್ತಾರೆ, ಯಾವುದಕ್ಕೆ ಪರವಾನಗಿ ಬೇಕು ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ. ಬ್ರಿಟನ್ನಿನಲ್ಲಿ ವಯಸ್ಸೊಂದೇ ಸಾಲದು, ಅದರ ತೋಟಾ ಬಳಕೆಯಿಂದ ಹೋಗಿದೆಯೇ ಎಂಬುದನ್ನೂ ನೋಡುತ್ತಾರೆ. ಒಂದು ಗಡಿಯಲ್ಲಿ ಪುರಾತನ ಎನಿಸಿದ್ದು ಇನ್ನೊಂದು ಗಡಿಯಲ್ಲಿ ಸಾಮಾನ್ಯ ಶಸ್ತ್ರಾಸ್ತ್ರವಾಗಬಹುದು. ಹಣ ಕೊಡುವ ಮುಂಚೆ ನಿಮ್ಮಲ್ಲಿನ ನಿಯಮವನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಮಾರುವವನ ಬಾಯಿಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಯಾವುದನ್ನು ಹುಡುಕಬೇಕು

ಅಪರೂಪಕ್ಕೆ ಎರಡು ಬಗೆ ಇದೆ. ಒಂದು, ಕಡಿಮೆ ಸಂಖ್ಯೆಯಲ್ಲಿ ತಯಾರಾದ ಉನ್ನತ ದರ್ಜೆಯ ಕೋವಿ. ಇನ್ನೊಂದು, ಯಂತ್ರರಚನೆಯೇ ವಿಚಿತ್ರವಾಗಿರುವ ಕೋವಿ. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ಓದು ಬೇಕು. ಹೊಸಬರು ಎರಡನೆಯದರಿಂದ ಆರಂಭಿಸುವುದೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಲಿಕೆ ಹೆಚ್ಚು, ಸ್ಪರ್ಧೆ ಕಡಿಮೆ.

ವಿಚಿತ್ರ ಕೋವಿಗಳ ಸುಗ್ಗಿಕಾಲ ಸುಮಾರು 1850ರಿಂದ 1880ರವರೆಗೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಹಿಂದೆ ಸರಿದು, ಹಿಂಬದಿಯಿಂದ ತೋಟಾ ಹಾಕುವ ಕೋವಿ ನೆಲೆಗೊಳ್ಳುತ್ತಿದ್ದ ಆ ದಿನಗಳಲ್ಲಿ ಪ್ರತಿ ತಯಾರಕನೂ ತನ್ನದೇ ಉತ್ತರ ಹುಡುಕುತ್ತಿದ್ದ. ಫ್ರಾನ್ಸಿನ ಲೆಫೋಶೋ 1830ರ ದಶಕದಲ್ಲಿ ತಂದ ಪಿನ್‌ಫೈರ್ ಪದ್ಧತಿಯಲ್ಲಿ ತೋಟಾದ ಬದಿಯಿಂದ ಒಂದು ಮೊಳೆ ಹೊರಚಾಚಿರುತ್ತದೆ, ಹ್ಯಾಮರ್ ಬೀಳುವುದು ಅದರ ಮೇಲೆ. ಆ ಮೊಳೆಗಾಗಿ ನಳಿಗೆಯ ಹಿಂತುದಿಯ ಮೇಲ್ಭಾಗದಲ್ಲಿ ಪುಟ್ಟ ಕಚ್ಚು ಇರುತ್ತದೆ. ಗ್ಲಾಸ್ಗೋದ ಡೂಗಲ್ 1860ರಲ್ಲಿ ಪೇಟೆಂಟ್ ಪಡೆದ ‘ಲಾಕ್‌ಫಾಸ್ಟ್’ನಲ್ಲಿ ಲಿವರ್ ತಿರುಗಿಸಿದರೆ ನಳಿಗೆಗಳು ಮೊದಲು ಮುಂದಕ್ಕೆ ಜರುಗಿ ಆಮೇಲೆ ಹಿಂಜಿನ ಮೇಲೆ ಕೆಳಕ್ಕೆ ಬಾಗುತ್ತವೆ. ಬೆಲ್ಜಿಯಮ್ಮಿನ ಲೀಜ್ ನಗರದ ಬಾಸ್ತಾಂ ಪದ್ಧತಿಯಲ್ಲಿ ಬಾಗುವುದೇ ಇಲ್ಲ, ಬರೀ ಮುಂದಕ್ಕೆ ಜಾರುತ್ತವೆ. 1871ರ ಮರ್ಕಾಟ್ ಕೋವಿ ಹೊರಗೆ ಹ್ಯಾಮರ್ ಇಲ್ಲದೆಯೂ ಮಾರುಕಟ್ಟೆಯಲ್ಲಿ ಗೆದ್ದ ಮೊದಲಿನವುಗಳಲ್ಲೊಂದು. ಅದರ ಸದ್ದಿಗೆ ‘ಮೌಸ್‌ಟ್ರಾಪ್’ ಎಂಬ ಅಡ್ಡಹೆಸರು ಬಿತ್ತು. 1873ರ ಗಿಬ್ಸ್ ಅಂಡ್ ಪಿಟ್ ಕೂಡ ಇದೇ ಸಾಲಿನದು. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ ಬಾಕ್ಸ್‌ಲಾಕ್ (ಲಾಕು ಆ್ಯಕ್ಷನ್ನಿನೊಳಗೇ ಕೂರುವ ರಚನೆ) ತಂದರು. ನಳಿಗೆ ಬಾಗಿಸಿದಾಗ ಅದರ ಭಾರವೇ ಲಾಕನ್ನು ಏರಿಸುವ (ಹಾರಿಸಲು ಸಿದ್ಧಗೊಳಿಸುವ) ಆ ಸರಳ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಉಳಿದ ವಿಚಿತ್ರಗಳೆಲ್ಲ ಕೆಲವೇ ವರ್ಷಗಳಲ್ಲಿ ಮರೆಗೆ ಸರಿದವು. ಅವು ಇಂದು ಅಪರೂಪವಾಗಿರುವುದಕ್ಕೆ ಇದೇ ಕಾರಣ.

ನಂತರದ ಕಾಲದಲ್ಲೂ ಹುಡುಕತಕ್ಕವು ಇವೆ. ಎಡಿನ್‌ಬರೋದ ಡಿಕ್ಸನ್ ‘ರೌಂಡ್ ಆ್ಯಕ್ಷನ್’ನಲ್ಲಿ ಲಾಕಿನ ಕೆಲಸವೆಲ್ಲ ಟ್ರಿಗರ್ ಪ್ಲೇಟಿನ ಮೇಲೆಯೇ ಕೂತಿದೆ, ಹಾಗಾಗಿ ಆ್ಯಕ್ಷನ್ನಿನ ಲೋಹ ಕೊರೆತವಿಲ್ಲದೆ ಗಟ್ಟಿಯಾಗಿ, ಹೊರಗಿನಿಂದ ದುಂಡಗೆ ಉಳಿದಿದೆ. ಅದೇ ತಯಾರಕರ ಮೂರು ನಳಿಗೆಯ ಕೋವಿಗಳು ಇನ್ನೂ ದುರ್ಲಭ. ಫ್ರಾನ್ಸಿನ ಸೇಂತ್-ಎತಿಯೆನ್‌ನ ದಾರ್ನ್ ಕೋವಿಯಲ್ಲಿ ನಳಿಗೆ ಅಲುಗುವುದೇ ಇಲ್ಲ, ನಳಿಗೆಯ ಹಿಂಬದಿ ಮುಚ್ಚುವ ಬ್ರೀಚೇ ಹಿಂದಕ್ಕೆ ಜಾರುತ್ತದೆ. ವೆಸ್ಟ್ಲಿ ರಿಚರ್ಡ್ಸ್‌ನ 1897ರ ಡ್ರಾಪ್‌ಲಾಕ್‌ನಲ್ಲಿ ಅಡಿಯ ಮುಚ್ಚಳ ತೆರೆದು ಲಾಕುಗಳನ್ನು ಬರಿಗೈಯಲ್ಲಿ ಹೊರತೆಗೆಯಬಹುದು. ಬಾಸ್ 1909ರಲ್ಲಿ, ವುಡ್‌ವರ್ಡ್ 1913ರಲ್ಲಿ ತಂದ ಮೇಲೆ-ಕೆಳಗೆ ನಳಿಗೆಯ ಕೋವಿಗಳು ಇಂದಿಗೂ ಆ ಬಗೆಯ ಮಾದರಿಗಳು. ಅಮೆರಿಕದ ಕಡೆ ಪಾರ್ಕರ್ 28 ಬೋರ್ (ಬೋರ್ ಎಂದರೆ ನಳಿಗೆಯ ಒಳಗಾತ್ರದ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು) ಮತ್ತು 410 (ಇದು ಮಾತ್ರ ಇಂಚಿನ ಅಳತೆ, 0.410), ವಿಂಚೆಸ್ಟರ್ ಮಾಡೆಲ್ 21ರ 410 ನಳಿಗೆ ಎಲ್ಲರೂ ಬೆನ್ನಟ್ಟುವಂಥವು. 12 ಬೋರಿನಲ್ಲೇ 2 ಇಂಚಿನ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ) ಹಗುರ ಕೋವಿಗಳು, ಜಲಪಕ್ಷಿ ಬೇಟೆಯ 8 ಮತ್ತು 4 ಬೋರಿನ ಭಾರಿ ಕೋವಿಗಳು, ಬಲಭುಜಕ್ಕಿಟ್ಟು ಎಡಗಣ್ಣಿನಲ್ಲಿ ಗುರಿ ಹಿಡಿಯಲೆಂದು ಮರವನ್ನು ಬಳುಕಿಸಿ ಮಾಡಿದ ಕ್ರಾಸ್-ಐ ಸ್ಟಾಕಿನ ಕೋವಿಗಳು: ಇವುಗಳ ಸುತ್ತಲೇ ಒಂದು ಒಳ್ಳೆಯ ಸಂಗ್ರಹ ಕಟ್ಟಬಹುದು.

ಎರಡು ಕಡೆ ಕಾನೂನಿನ ಬಲೆ ಇದೆ. ಫಾಸ್ಬರಿ 1885ರಲ್ಲಿ ಪೇಟೆಂಟ್ ಪಡೆದ, ಹಾಲೆಂಡ್ ಅಂಡ್ ಹಾಲೆಂಡ್ ತಯಾರಿಸಿದ ‘ಪ್ಯಾರಡಾಕ್ಸ್’ ನೋಡಲು ಚರೆಕೋವಿಯೇ, ಆದರೆ ನಳಿಗೆಯ ಕೊನೆಯ ಕೆಲವೇ ಇಂಚುಗಳಲ್ಲಿ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರು) ಇದೆ. ಕೇಪ್ ಗನ್‌ನಲ್ಲಿ ಒಂದು ನಳಿಗೆ ನುಣುಪು, ಇನ್ನೊಂದು ರೈಫಲ್. ಇವನ್ನು ಅನೇಕ ಕಡೆ ರೈಫಲ್ ಎಂದೇ ಪರಿಗಣಿಸುತ್ತಾರೆ, ಚರೆಕೋವಿಯ ಪರವಾನಗಿ ಸಾಲದು. ಎರಡನೆಯದು ಗಿಡ್ಡ ನಳಿಗೆ. ಇಥಾಕಾ 1920ರ ದಶಕದಲ್ಲಿ ಮಾಡಿದ ‘ಆಟೋ ಅಂಡ್ ಬರ್ಗ್ಲರ್’ ಎಂಬ ಜೋಡುನಳಿಗೆಯ ಕೈಕೋವಿ 1934ರ ಅಮೆರಿಕದ ಕಾಯ್ದೆಯ ಹಿಡಿತಕ್ಕೆ ಸಿಕ್ಕಿತು. ನೋಂದಣಿ ಇಲ್ಲದ ಒಂದನ್ನು ಮುಟ್ಟುವುದೂ ಅಪಾಯ. ಮಿತಿ ಅಮೆರಿಕದಲ್ಲಿ 18 ಇಂಚು, ಬ್ರಿಟನ್ನಿನಲ್ಲಿ 24 ಇಂಚು.

ಜೊತೆಗೆ ಒಯ್ಯಬೇಕಾದ ಸಲಕರಣೆ

ನಳಿಗೆಯ ಗೋಡೆದಪ್ಪ ಅಳೆಯುವ ಡಯಲ್ ಗೇಜ್, ಬೋರ್ ಮೈಕ್ರೋಮೀಟರ್, ಚೇಂಬರ್ ಉದ್ದದ ಗೇಜ್, 10 ಪಟ್ಟು ಹಿಗ್ಗಿಸುವ ಲೂಪ್, ಸಣ್ಣ ಎಲ್‌ಇಡಿ ಟಾರ್ಚ್, ನಳಿಗೆ ಒರೆಸಲು ಒಣಬಟ್ಟೆ ಮತ್ತು ಕಡ್ಡಿ, ತೆಳುವಾದ ಸಿಗರೇಟ್ ಕಾಗದ, ಎರಡು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ). ಮೊದಲ ಎರಡು ದುಬಾರಿ. ಆದರೂ ಮೊದಲ ಕೋವಿಗಿಂತ ಮೊದಲು ಕೊಳ್ಳಬೇಕಾದದ್ದು ಅವನ್ನೇ. ಸ್ಕ್ರೂಡ್ರೈವರ್ ಮಾತ್ರ ಒಯ್ಯಬೇಡಿ. ಪರರ ಕೋವಿಯ ಸ್ಕ್ರೂ ಬಿಚ್ಚುವ ಅಧಿಕಾರ ನೋಡಲು ಬಂದವರಿಗಿಲ್ಲ.

ನಳಿಗೆ: ಹೆಚ್ಚು ಹೊತ್ತು ಇಲ್ಲಿ

1. ಕೋವಿ ತೆರೆದು ಎರಡೂ ಚೇಂಬರ್ ಖಾಲಿ ಇವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಬಾಯಿಯಿಂದ ತುಂಬುವ ಕೋವಿಯಾದರೆ ಕಡ್ಡಿಯನ್ನು ತಳದವರೆಗೆ ಇಳಿಸಿ ಗುರುತು ಹಾಕಿ, ಹೊರಗಿನ ಉದ್ದಕ್ಕೆ ಹೋಲಿಸಿ. ದಶಕಗಳಿಂದ ಮದ್ದು ತುಂಬಿಯೇ ಕೂತಿರುವ ಕೋವಿಗಳು ನಿಜಕ್ಕೂ ಸಿಗುತ್ತವೆ.

2. ಫೋರೆಂಡ್ (ನಳಿಗೆಯ ಅಡಿಯಲ್ಲಿ ಮುಂದಿನ ಕೈ ಹಿಡಿಯುವ ಮರದ ತುಂಡು) ತೆಗೆದು ನಳಿಗೆಗಳನ್ನು ಬೇರ್ಪಡಿಸಿ. ಅಡಿಯ ಹುಕ್ಕಿನಲ್ಲಿ ಬೆರಳು ಅಥವಾ ದಾರ ಸಿಕ್ಕಿಸಿ ತೂಗುಬಿಟ್ಟು ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿ. ತೋಟಾ ಹೊರತಳ್ಳುವ ಎಕ್ಸ್‌ಟ್ರ್ಯಾಕ್ಟರ್ ಸಡಿಲವಾಗಿ ಕೂತಿದ್ದರೆ ಮೊದಲು ಅದನ್ನು ತೆಗೆಸಿ, ಇಲ್ಲದಿದ್ದರೆ ಅದರ ಗಲಗಲ ದಾರಿ ತಪ್ಪಿಸುತ್ತದೆ. ಗಂಟೆಯಂತೆ ನಾದ ಉಳಿದರೆ ರಿಬ್ಬಿನ (ಎರಡು ನಳಿಗೆಗಳನ್ನು ಜೋಡಿಸುವ ಪಟ್ಟಿಯ) ಬೆಸುಗೆ ಗಟ್ಟಿ. ಒಡಕು ಸದ್ದು ಅಥವಾ ಗರಗರ ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ, ಒಳಗೆ ತೇವ ಸೇರಿ ಕಾಣದಂತೆ ತುಕ್ಕು ತಿನ್ನುತ್ತಿರಬಹುದು. ರಿಬ್ ಮತ್ತೆ ಕೂರಿಸುವುದೆಂದರೆ ಎರಡೂ ರಿಬ್ ಬಿಚ್ಚಿ, ಶುಚಿಮಾಡಿ, ಬೆಸೆದು, ಮತ್ತೆ ಬಣ್ಣ ಹಾಕುವುದು. ಅಗ್ಗದ ಕೆಲಸವಲ್ಲ.

3. ಒಳಗನ್ನು ಒಣಬಟ್ಟೆಯಿಂದ ಒರೆಸಿ. ದಪ್ಪ ಎಣ್ಣೆ ಸವರಿ ಕೊಟ್ಟಿದ್ದರೆ ಅದರಡಿ ಕುಳಿಗಳು ಅಡಗಿರುತ್ತವೆ. ಕಿಟಕಿಯ ಅಂಚು ಅಥವಾ ನೆಟ್ಟನೆಯ ಬೆಳಕಿನ ಗೆರೆಯತ್ತ ಹಿಡಿದು ನೋಡಿದಾಗ ನೆರಳಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ದುಂಡಗೆ ಕೂರಬೇಕು. ಅರ್ಧಚಂದ್ರದ ನೆರಳು ಎಂದರೆ ಹೊರಗಿನಿಂದ ಬಿದ್ದ ತಗ್ಗು. ಪೂರ್ತಿ ಸುತ್ತುವ ಕಪ್ಪು ಉಂಗುರ ಎಂದರೆ ಉಬ್ಬು. ತಗ್ಗನ್ನು ನುರಿತವರು ಎತ್ತಬಲ್ಲರು. ಉಬ್ಬಿನಲ್ಲಿ ಲೋಹ ಹಿಗ್ಗಿ ತೆಳುವಾಗಿರುತ್ತದೆ, ಬಡಿದು ಕೂರಿಸಿದರೂ ಆ ಜಾಗ ದುರ್ಬಲವಾಗಿಯೇ ಉಳಿಯುತ್ತದೆ.

4. ಈಗ ಗೋಡೆ ಅಳೆಯಿರಿ. ನಳಿಗೆಯ ಹಿಂತುದಿಯಾದ ಬ್ರೀಚಿನಿಂದ ಮೂತಿಯವರೆಗೆ ಒಂದೊಂದು ಇಂಚಿಗೆ, ಪ್ರತಿ ಜಾಗದಲ್ಲೂ ನಳಿಗೆಯನ್ನು ಸುತ್ತಿಸಿ ನಾಲ್ಕು ಕಡೆ. ಅತಿ ತೆಳು ಭಾಗ ಸಾಮಾನ್ಯವಾಗಿ ಮುಂದಿನ ಅರ್ಧದಲ್ಲಿ, ಮೂತಿಯಿಂದ 8ರಿಂದ 12 ಇಂಚು ಹಿಂದೆ ಇರುತ್ತದೆ. ವ್ಯಾಪಾರದಲ್ಲಿ ಒಪ್ಪಿತವಾದ ಕನಿಷ್ಠ ಮಿತಿ 0.020 ಇಂಚು. ಇದಕ್ಕಿಂತ ಕೆಳಗಿದ್ದರೆ ಗಾಜಿನ ಕಪಾಟಿಗೆಂದು ಮಾತ್ರ ಕೊಳ್ಳಿ, ಬೆಲೆಯೂ ಆ ಲೆಕ್ಕದಲ್ಲೇ ಇರಲಿ. ಚೇಂಬರಿನ ತುದಿಯ ಹತ್ತಿರ ಗೋಡೆ ಇದರ ನಾಲ್ಕೈದು ಪಟ್ಟು ದಪ್ಪ ಇರಬೇಕು, ಒತ್ತಡ ತುತ್ತತುದಿ ಮುಟ್ಟುವುದು ಅಲ್ಲಿಯೇ. ಒಂದು ಬದಿ 0.032, ಎದುರು ಬದಿ 0.019 ಎಂಬಂತೆ ಬಂದರೆ ಒಳಕೊರೆತ ಕೇಂದ್ರ ತಪ್ಪಿದೆ ಅಥವಾ ಹೊರಗಿನಿಂದ ಯಾರೋ ತಗ್ಗು ಮರೆಮಾಚಲು ಅರ ಹಾಕಿದ್ದಾರೆ.

5. ಒಳವ್ಯಾಸವನ್ನು ಬ್ರೀಚಿನಿಂದ 9 ಇಂಚಿನಲ್ಲಿ ಅಳೆದು ಪ್ರೂಫ್ ಮುದ್ರೆಯ ಅಂಕಿಗೆ ಹೋಲಿಸಿ. ಹಳೆಯ ಬ್ರಿಟಿಷ್ ಮುದ್ರೆಯಲ್ಲಿ 13/1 ಎಂದರೆ 0.719 ಇಂಚು, 12 ಎಂದರೆ 0.729, 12/1 ಎಂದರೆ 0.740. 1954ರ ನಿಯಮಗಳ ನಂತರ ಅಂಕಿಯನ್ನೇ ನೇರವಾಗಿ .729 ಎಂದು ಒತ್ತತೊಡಗಿದರು. ಮುದ್ರೆಯಲ್ಲಿ ಒತ್ತಿದ್ದಕ್ಕಿಂತ 0.010 ಇಂಚಿಗೂ ಹೆಚ್ಚು ಹಿಗ್ಗಿದ್ದರೆ ಕೋವಿ ‘ಔಟ್ ಆಫ್ ಪ್ರೂಫ್’, ಮತ್ತೆ ಪರೀಕ್ಷೆಗೆ ಒಳಪಡಿಸದೆ ಬ್ರಿಟನ್ನಿನಲ್ಲಿ ಮಾರುವುದು ಅಪರಾಧ.

ಈ ಕೊನೆಯ ಅಳತೆಯಿಂದ ಮುಂದಿನ ಖರ್ಚೂ ತಿಳಿಯುತ್ತದೆ. .729 ಎಂದು ಮುದ್ರೆ ಇರುವ ನಳಿಗೆ ಈಗ 0.738 ತೋರಿಸುತ್ತಿದೆ, ಒಳಗೆ ಸಣ್ಣ ಕುಳಿಗಳೂ ಇವೆ ಎನ್ನಿ. ಇಂದು ಅದು ಕಾನೂನಿನ ಒಳಗೇ ಇದೆ. ಆದರೆ ಕುಳಿ ತೆಗೆಯಲು ಉಜ್ಜಿದರೆ ಮಿತಿ ದಾಟುತ್ತದೆ, ಗೋಡೆಯೂ ಇಳಿಯುತ್ತದೆ. ಹಾಗಾಗಿ ‘ಸ್ವಲ್ಪ ಪಾಲಿಶ್ ಮಾಡಿಸಿದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಇದಕ್ಕೆ ವಿರುದ್ಧವಾಗಿ ಹಳೆಯ ಮುದ್ರೆಯ ‘12’ ಎಂಬುದು 0.729ರಿಂದ 0.740ರ ಕೆಳಗಿನವರೆಗಿನ ಇಡೀ ಮೆಟ್ಟಿಲು. ಆ ಮುದ್ರೆಯ ನಳಿಗೆಯಲ್ಲಿ 0.737 ಕಂಡರೆ ಅದು ಹುಟ್ಟಿದ್ದೇ ಹಾಗಿರಬಹುದು. ಆಗ ತೀರ್ಪು ಕೊಡುವುದು ಗೋಡೆಯ ದಪ್ಪ.

ನಳಿಗೆ ಕತ್ತರಿಸಲಾಗಿದೆಯೇ ಎಂದು ತಿಳಿಯಲು ಮೂತಿಯನ್ನು ನೇರ ಮುಂದಿನಿಂದ ನೋಡಿ. ಮೂಲ ಮೂತಿಯಲ್ಲಿ ಎರಡು ನಳಿಗೆಗಳು ಒಂದಕ್ಕೊಂದು ತಾಗಿರುತ್ತವೆ ಅಥವಾ ಬಹುತೇಕ ತಾಗಿರುತ್ತವೆ. ನಡುವೆ ಅಂತರ ಬಿದ್ದು ಬೆಸುಗೆ ಅಥವಾ ಲೋಹದ ತುಂಡು ತುಂಬಿದ್ದರೆ ಕತ್ತರಿ ಬಿದ್ದಿದೆ ಎಂದೇ ಅರ್ಥ. ಚೋಕ್ (ಚರೆ ಹೆಚ್ಚು ಹರಡದಂತೆ ಮೂತಿಯ ಬಳಿ ಕಿರಿದಾಗಿಸಿದ ಭಾಗ) ಕೂಡ ಅಲ್ಲಿಗೇ ಹೋಗಿರುತ್ತದೆ. ಗಿಡ್ಡ ಎಂದ ಮಾತ್ರಕ್ಕೆ ಅನುಮಾನ ಬೇಡ, ಚರ್ಚಿಲ್ 25 ಇಂಚಿನ ನಳಿಗೆಗೇ ಹೆಸರಾದ ಕೋವಿ ತಯಾರಕರು.

ಸ್ಲೀವಿಂಗ್ ಇನ್ನೊಂದು ದೊಡ್ಡ ವಿಷಯ. ಹಳೆಯ ಬ್ರೀಚ್ ತುಂಡನ್ನು ಉಳಿಸಿಕೊಂಡು ಮುಂದೆ ಹೊಸ ಕೊಳವೆ ಕೂರಿಸುವುದು. ಬ್ರೀಚಿನಿಂದ ಸುಮಾರು 3 ಇಂಚಿನಲ್ಲಿ ಕೂದಲೆಳೆಯ ಗೆರೆ ಅಥವಾ ಅದನ್ನು ಮುಚ್ಚುವ ಕೆತ್ತನೆಯ ಉಂಗುರ ಕಾಣುತ್ತದೆ. ಬ್ರಿಟನ್ನಿನಲ್ಲಿ ಮುದ್ರೆಯೊಂದಿಗೆ ‘ಸ್ಲೀವ್ಡ್’ ಎಂದು ಒತ್ತಲೇಬೇಕು. ಈಡು ಹೊಡೆಯುವವರಿಗೆ ಅದು ಒಳ್ಳೆಯ ಕೋವಿ. ಸಂಗ್ರಹಕ್ಕೆ ಮಾತ್ರ, ಹೆಸರು ಎಷ್ಟೇ ದೊಡ್ಡದಿದ್ದರೂ, ಬೇಡ. ತಯಾರಕರೇ ಮಾಡಿಕೊಟ್ಟ ಹೊಸ ನಳಿಗೆಯದು ಬೇರೆ ಮಾತು. ಅದು ಕೋವಿಯ ಚರಿತ್ರೆಯ ಭಾಗ.

ಡಮಾಸ್ಕಸ್ ನಳಿಗೆ

ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ತಿರುಚಿ, ಸುರುಳಿ ಸುತ್ತಿ, ಬಡಿದು ಬೆಸೆದ ನಳಿಗೆ ಇದು. ಮೇಲ್ಮೈಯ ಚಿತ್ತಾರ ಈ ತಿರುಚಿನಿಂದಲೇ ಬಂದದ್ದು. ಕಡಿಮೆ ಬೆಲೆಯ ಕೋವಿಗಳಲ್ಲಿ ಸಾದಾ ಉಕ್ಕಿನ ಮೇಲೆ ಚಿತ್ತಾರ ಅಚ್ಚೊತ್ತಿದ್ದೂ ಉಂಟು. ಪತ್ತೆಗೆ ರಿಬ್ಬಿನ ಅಂಚು, ಫೋರೆಂಡ್ ಮುಚ್ಚುವ ಅಡಿಭಾಗ, ಬ್ರೀಚಿನ ಫ್ಲ್ಯಾಟ್ (ಅಡಿಯ ಚಪ್ಪಟೆ ಮುಖ) ನೋಡಿ. ನಿಜವಾದ ತಿರುಚು ಅಲ್ಲೆಲ್ಲ ನಿಲ್ಲದೆ ಮುಂದುವರಿಯುತ್ತದೆ, ಸುಳ್ಳು ಚಿತ್ತಾರ ಅಂಚಿನಲ್ಲೇ ಮಸುಕಾಗುತ್ತದೆ.

ಡಮಾಸ್ಕಸ್ ಎಂದರೆಲ್ಲ ಸಿಡಿಯುತ್ತದೆ ಎಂಬ ಮಾತು ಅತಿ. ಹೊಗೆರಹಿತ ಮದ್ದಿಗೂ ಪ್ರೂಫ್ ಆಗಿ ದಾಟಿದ ಡಮಾಸ್ಕಸ್ ನಳಿಗೆಗಳು ಇವೆ. ಆದರೆ ಕರಿಮದ್ದಿನ ಮುದ್ರೆ ಮಾತ್ರ ಇರುವ ನಳಿಗೆಗೆ ಇಂದಿನ ತೋಟಾ ಹಾಕುವುದು ಕೈ ಕಳೆದುಕೊಳ್ಳುವ ದಾರಿ. ಬೆಸುಗೆಯ ಪದರಗಳ ನಡುವೆ ಒಳಗೇ ತುಕ್ಕು ಹಬ್ಬಿರಬಹುದು, ಹೊರಗಿನಿಂದ ಕಾಣುವುದಿಲ್ಲ. ನಳಿಗೆ ಯಾವುದೇ ಆಗಲಿ, ಹಳೆಯ ಕೋವಿಯಿಂದ ಈಡು ಹಾರಿಸುವ ಮುಂಚೆ ಅರ್ಹ ಗನ್‌ಸ್ಮಿತ್ ಅಳೆದು ಲಿಖಿತ ಒಪ್ಪಿಗೆ ಕೊಡಲೇಬೇಕು.

ಚೇಂಬರಿನ ಉದ್ದವೂ ಇಲ್ಲಿಗೇ ಸೇರುತ್ತದೆ. ಹಳೆಯ ಬ್ರಿಟಿಷ್ 12 ಬೋರಿನ ಚೇಂಬರ್ ಹೆಚ್ಚಾಗಿ 2½ ಇಂಚು, ಮೆಟ್ರಿಕ್ ಗುರುತಿನಲ್ಲಿ 65 ಮಿ.ಮೀ. ಹಳೆಯ ಅಮೆರಿಕನ್ 12 ಬೋರ್ ಹಲವು 2⅝ ಇಂಚು, 16 ಬೋರ್ 2 9/16 ಇಂಚು. ತೋಟಾದ ಮೇಲೆ ಬರೆದ 70 ಮಿ.ಮೀ. ಎಂಬುದು ಹಾರಿದ ಮೇಲೆ ಬಿಚ್ಚಿಕೊಂಡ ಉದ್ದ. ಮಡಿಸಿದ ಸ್ಥಿತಿಯಲ್ಲಿ ಅದು 65ರ ಚೇಂಬರಿಗೂ ಸಲೀಸಾಗಿ ಇಳಿಯುತ್ತದೆ, ಕೋವಿ ಮುಚ್ಚಿಯೂ ಕೊಳ್ಳುತ್ತದೆ. ಹಾರಿದಾಗ ಅದರ ಬಾಯಿ ಮುಂದಿನ ಇಳಿಜಾರಿನೊಳಗೆ ಬಿಚ್ಚಿಕೊಂಡು ದಾರಿ ಕಿರಿದಾಗಿಸುತ್ತದೆ, ಒತ್ತಡ ಏರುತ್ತದೆ. ತೋಟಾ ಹಿಡಿಸಿತು ಎಂಬುದು ಯಾವತ್ತೂ ಸುರಕ್ಷತೆಯ ಸಾಕ್ಷಿಯಲ್ಲ. ಚೇಂಬರನ್ನು ಯಾರೋ ಉದ್ದ ಮಾಡಿಸಿದ್ದರೆ ಆ ತುದಿಯ ಗೋಡೆಯನ್ನು ಇನ್ನೊಮ್ಮೆ ಅಳೆಯಿರಿ, ಅದಾದ ಮೇಲೆ ಹೊಸ ಪ್ರೂಫ್ ಆಗಿದೆಯೇ ನೋಡಿ.

ಮುದ್ರೆ ಓದುವುದು

ನಳಿಗೆಯ ಫ್ಲ್ಯಾಟ್ ಮತ್ತು ಆ್ಯಕ್ಷನ್ನಿನ ಫ್ಲ್ಯಾಟ್ ಮೇಲಿನ ಮುದ್ರೆಗಳು ಕೋವಿಯ ಜಾತಕವೇ ಸರಿ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ ಸನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಆರಂಭವಾದದ್ದು 1813ರಲ್ಲಿ. 1875ರಿಂದ 1887ರವರೆಗೆ ಚೋಕ್ ಇರುವ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂದು ಒತ್ತುತ್ತಿದ್ದರು, ನಂತರ ಬರಿದೇ ‘ಚೋಕ್’ ಎಂದು. ವಜ್ರಾಕೃತಿಯೊಳಗೆ 12ರ ಕೆಳಗೆ ‘ಸಿ’ ಅಕ್ಷರ ಇದ್ದರೆ 1887 ಅಥವಾ ನಂತರದ ಮುದ್ರೆ. ‘ನೈಟ್ರೋ ಪ್ರೂಫ್’ (ಹೊಗೆರಹಿತ ಮದ್ದಿನ ಪರೀಕ್ಷೆ) ಎಂಬ ಪದದ ಪಕ್ಕ ಔನ್ಸಿನಲ್ಲಿ ಚರೆಯ ಗರಿಷ್ಠ ತೂಕ ಇದ್ದರೆ 1904ರ ನಿಯಮ. ಚದರ ಇಂಚಿಗೆ ಇಷ್ಟು ಟನ್ ಎಂದಿದ್ದರೆ 1954 ಅಥವಾ ಆಮೇಲಿನದು. 1921ರಿಂದ ಬರ್ಮಿಂಗ್‌ಹ್ಯಾಮ್ ವರ್ಷಸೂಚಕ ಅಕ್ಷರವನ್ನೂ ಒತ್ತಿತು. ಜರ್ಮನಿಯ ಸೂಲ್ ಕೋವಿಗಳಲ್ಲಿ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ತಿಂಗಳು-ವರ್ಷದ ಅಂಕಿ ಸಿಗುತ್ತದೆ: 1032 ಎಂದರೆ 1932ರ ಅಕ್ಟೋಬರ್.

ಈ ದಿನಾಂಕಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮುಖ್ಯ ಪ್ರಶ್ನೆ. ಸೀರಿಯಲ್ ನಂಬರ್ 1860ರ ದಶಕದ್ದು, ನಳಿಗೆಯಲ್ಲಿ ವಿಟ್‌ವರ್ತ್ ಉಕ್ಕಿನ ಗೋಧಿತೆನೆಯ ಕಂತೆ ಗುರುತು ಇದ್ದರೆ ನಳಿಗೆ ಆಮೇಲಿನದು, ಪರ್ಡಿ ಆ ಉಕ್ಕನ್ನು ಬಳಸತೊಡಗಿದ್ದು ಸುಮಾರು 1880ರಲ್ಲಿ. ‘ಹಾಲೆಂಡ್ ಅಂಡ್ ಹಾಲೆಂಡ್’ ಎಂಬ ಹೆಸರೇ 1876ರಲ್ಲಿ ಬಂದದ್ದು, ಅದಕ್ಕೂ ಮೊದಲು ‘ಎಚ್. ಹಾಲೆಂಡ್’. ಪರ್ಡಿ ಆಕ್ಸ್‌ಫರ್ಡ್ ಸ್ಟ್ರೀಟ್ ಬಿಟ್ಟು ಸೌತ್ ಆಡ್ಲಿ ಸ್ಟ್ರೀಟಿಗೆ ಬಂದದ್ದು 1880ರ ದಶಕದ ಆರಂಭದಲ್ಲಿ. ಪೆಟ್ಟಿಗೆಯೊಳಗಿನ ಚೀಟಿಯ ವಿಳಾಸವನ್ನೂ ರಿಬ್ಬಿನ ಮೇಲಿನ ವಿಳಾಸವನ್ನೂ ಹೀಗೆ ತಾಳೆ ನೋಡಬೇಕು. ಪೆಟ್ಟಿಗೆಗಳು ಒಂದು ಕೋವಿಯಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ.

ಹೆಸರಿನ ನಕಲು ಹಳೆಯ ದಂಧೆ. ‘ಡಬ್ಲ್ಯು. ರಿಚರ್ಡ್ಸ್’ ಎಂದು ಕೆತ್ತಿದ ಅಗ್ಗದ ಕೋವಿಗಳು ಬೆಲ್ಜಿಯಮ್ಮಿನಿಂದ ದಂಡಿಯಾಗಿ ರಫ್ತಾದವು, ವೆಸ್ಟ್ಲಿ ರಿಚರ್ಡ್ಸ್ ಎಂದು ಓದಿಕೊಳ್ಳಲಿ ಎಂಬುದೇ ಉದ್ದೇಶ. ನಳಿಗೆಯ ಅಡಿಯಲ್ಲಿ ಅಂಡಾಕಾರದೊಳಗೆ ‘ಇಎಲ್‌ಜಿ’ ಎಂದು ಕಂಡರೆ ಅದು ಲೀಜ್‌ನ ಮುದ್ರೆ. ಇಂಗ್ಲಿಷ್ ಹೆಸರಿನ ಕೋವಿಯಲ್ಲಿ ಅದು ಏಕಿದೆ ಎಂಬುದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ಕೈ ಕಟ್ಟಿ ನಿಲ್ಲಿ. ಹಾಗೆಂದು ಲೀಜ್ ಎಂದರೆಲ್ಲ ಕೀಳಲ್ಲ. ಫ್ರಾಂಕೋತ್, ಲೆಬೋ-ಕುರಾಲಿ ಅಲ್ಲಿಯ ತಯಾರಕರೇ, ಅವರ ಉತ್ತಮ ಕೆಲಸ ಯಾರಿಗೂ ಕಡಿಮೆಯಿಲ್ಲ.

ಅಮೆರಿಕನ್ ಕೋವಿಗಳಲ್ಲಿ ಮೋಸದ ಬಗೆ ಬೇರೆ: ಕೆಳದರ್ಜೆಯ ಪಾರ್ಕರಿಗೆ ಹೊಸ ಕೆತ್ತನೆ ಮಾಡಿಸಿ ಮೇಲ್ದರ್ಜೆಯೆಂದು ಮಾರುವುದು. ಇದಕ್ಕೆ ಪಾರ್ಕರಿನ ಕಾರ್ಖಾನೆಯೇ ಒಂದು ಸಾಕ್ಷಿ ಬಿಟ್ಟಿದೆ. ನಳಿಗೆಯ ಫ್ಲ್ಯಾಟ್ ಮೇಲೆ ಅರೆಯುವ ಮುಂಚಿನ ನಳಿಗೆಯ ತೂಕವನ್ನು ಪೌಂಡು ಮತ್ತು ಔನ್ಸಿನಲ್ಲಿ ಒತ್ತುತ್ತಿದ್ದರು. ಸಿದ್ಧವಾದ ನಳಿಗೆ ಅದಕ್ಕಿಂತ ಕೆಲವು ಔನ್ಸ್ ಕಡಿಮೆ ಇರುವುದು ಸಹಜ. ಬಹಳ ಕಡಿಮೆ ಇದ್ದರೆ ಕತ್ತರಿಸಿದ್ದಾರೆ ಅಥವಾ ಉಜ್ಜಿದ್ದಾರೆ. ದರ್ಜೆಯ ಮುದ್ರೆ, ಸೀರಿಯಲ್ ನಂಬರ್, ಉಳಿದಿರುವ ಕಾರ್ಖಾನೆಯ ದಾಖಲೆ ಮೂರೂ ಒಂದೇ ಮಾತು ಹೇಳಬೇಕು. ಪಾರ್ಕರ್ ಸಂಗ್ರಾಹಕರ ಸಂಘ ಈ ದಾಖಲೆಗಳಿಂದ ಪತ್ರ ಕೊಡುತ್ತದೆ. ಪರ್ಡಿ, ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ತಮ್ಮ ಹಳೆಯ ಲೆಡ್ಜರ್ ನೋಡಿ ಮೂಲ ನಳಿಗೆಯುದ್ದ, ಬೋರ್, ಮಾರಿದ ವರ್ಷ ತಿಳಿಸಬಲ್ಲರು. ಶುಲ್ಕ ಇದ್ದರೂ ಈ ಪತ್ರ ತರಿಸಿಕೊಳ್ಳದೆ ದುಬಾರಿ ಕೋವಿ ಕೊಳ್ಳಬಾರದು.

ಆ್ಯಕ್ಷನ್, ಲಾಕು, ಮರ

ಫೋರೆಂಡ್ ತೆಗೆದು ಕೋವಿ ಮುಚ್ಚಿ, ಮರವನ್ನು ಕಂಕುಳಲ್ಲಿ ಒತ್ತಿಹಿಡಿದು ನಳಿಗೆಯನ್ನು ಮೇಲೆ-ಕೆಳಗೆ, ಎಡ-ಬಲ ಅಲುಗಿಸಿ. ಫೋರೆಂಡ್ ಹಾಕಿಯೇ ಅಲುಗಿಸಿದರೆ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಹಾಕುತ್ತದೆ. ಬ್ರೀಚಿನ ಮುಖ ಮತ್ತು ನಳಿಗೆಯ ನಡುವೆ ಸಿಗರೇಟ್ ಕಾಗದ ಇಟ್ಟು ಮುಚ್ಚಿದಾಗ ಅದು ಸಿಕ್ಕಿಕೊಳ್ಳಬೇಕು, ಜಾರಿ ಬಂದರೆ ಕೋವಿ ‘ಆಫ್ ಫೇಸ್’, ಅಂದರೆ ನಳಿಗೆ ಬ್ರೀಚಿನ ಮುಖಕ್ಕೆ ಬಿಗಿಯಾಗಿ ಕೂರುತ್ತಿಲ್ಲ. ಸರಿಯಾದ ರಿಪೇರಿ ಎಂದರೆ ಸ್ವಲ್ಪ ದಪ್ಪದ ಹೊಸ ಹಿಂಜ್ ಪಿನ್, ಅಥವಾ ಹುಕ್ಕಿಗೆ ಉಕ್ಕಿನ ತುಂಡು ಕಚ್ಚಿಸಿ ಅರೆದು ಕೂರಿಸುವುದು. ಹುಕ್ಕಿನ ಬದಿಯಲ್ಲಿ ಪಂಚಿನ ಗುದ್ದುಗಳು ಕಂಡರೆ ಯಾರೋ ಲೋಹ ಬಡಿದು ಉಬ್ಬಿಸಿದ್ದಾರೆ, ಸ್ವಲ್ಪ ಕಾಲದಲ್ಲೇ ಮತ್ತೆ ಸಡಿಲವಾಗುತ್ತದೆ. ಟಾಪ್ ಲಿವರ್ (ಕೋವಿ ತೆರೆಯಲು ಮೇಲ್ಭಾಗದಲ್ಲಿರುವ ಸನ್ನೆ) ಮುಚ್ಚಿದಾಗ ನಡುಗೆರೆಯ ಬಲಕ್ಕೆ ನಿಂತಿದ್ದರೆ ಸವೆತ ಕಡಿಮೆ, ಎಡಕ್ಕೆ ದಾಟಿದ್ದರೆ ಬೋಲ್ಟ್ ಬಹಳ ಸವೆದಿದೆ.

ಪರ್ಡಿಯ ಸೈಡ್‌ಲಾಕ್ (ಲಾಕು ಪಕ್ಕದ ತಗಡಿನ ಮೇಲಿರುವ ಕೋವಿ) ಮುಚ್ಚಲು ಬಿಗಿ ಎಂದು ಬೆದರಬೇಡಿ. ಕೋವಿ ತಯಾರಕ ಬೀಸ್ಲಿ 1880ರಲ್ಲಿ ಪೇಟೆಂಟ್ ಪಡೆದು ಪರ್ಡಿಗೆ ಕೊಟ್ಟ ಆ ರಚನೆಯಲ್ಲಿ ಮೇನ್‌ಸ್ಪ್ರಿಂಗೇ ಕೋವಿಯನ್ನು ತಾನಾಗಿ ತೆರೆಯುತ್ತದೆ. ತೆರೆಯುವಾಗ ಸಿಕ್ಕ ಸಹಾಯವನ್ನು ಮುಚ್ಚುವಾಗ ನಾವು ಹಿಂದಿರುಗಿಸಬೇಕು. ಪರ್ಡಿ ಹಗುರಾಗಿ ಮುಚ್ಚಿಕೊಂಡರೇ ಸ್ಪ್ರಿಂಗ್ ದುರ್ಬಲವಾಗಿದೆಯೇ ಎಂದು ನೋಡಬೇಕು.

ಸ್ಕ್ರೂಗಳ ತಲೆ ಹಳೆಯ ರಿಪೇರಿಗಳ ದಾಖಲೆ. ಒಳ್ಳೆಯ ಕೋವಿಯಲ್ಲಿ ಸ್ಲಾಟುಗಳು ಕೂದಲಷ್ಟು ತೆಳು, ಎಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ. ಹರಿದ ಸ್ಲಾಟ್ ಕಂಡರೆ ಒಳಗೆ ಅಡ್ಡಕೈಯ ಕೆಲಸ ನಡೆದಿದೆ. ಕೇಸ್ ಹಾರ್ಡನಿಂಗಿನ (ಲೋಹದ ಮೇಲ್ಮೈ ಗಟ್ಟಿಗೊಳಿಸುವ ಸಂಸ್ಕಾರದ) ನೀಲಿ-ಕಂದು ಬಣ್ಣದ ಅಸಲಿ ಉಳಿಕೆ ಕೈ ತಾಗದ ಜಾಗದಲ್ಲಿ ಸಿಗುತ್ತದೆ: ಲಿವರಿನ ಕೆಳಗೆ, ಫ್ಲ್ಯಾಟ್ ಮೇಲೆ, ಬ್ರೀಚಿನ ಮೂಲೆಯಲ್ಲಿ. ಅಂಚುಗಳು ಸವೆದು ದುಂಡಾಗಿದ್ದು ಬಣ್ಣ ಮಾತ್ರ ಎಲ್ಲೆಡೆ ಸಮನಾಗಿ ಹೊಳೆಯುತ್ತಿದ್ದರೆ ಅದು ಹೊಸದಾಗಿ ಹಾಕಿದ್ದು. ಮರದಲ್ಲೂ ಇದೇ ತರ್ಕ. ಮೂಲದಲ್ಲಿ ಮರ ಲೋಹಕ್ಕಿಂತ ಒಂದಿನಿತು ಎತ್ತರ ಇರುತ್ತದೆ, ಕೆಳಗಿಳಿದಿದ್ದರೆ ಮರಳು ಕಾಗದ ಹಾಯ್ದಿದೆ. ಲಾಕ್‌ಪ್ಲೇಟಿನ ಹಿಂದಿನ ಬಿರುಕನ್ನು ಲೂಪ್ ಹಿಡಿದು ಹುಡುಕಿ, ಎಲ್.ಸಿ. ಸ್ಮಿತ್ ಕೋವಿಗಳಲ್ಲಿ ಅದು ಬಹಳ ಸಾಮಾನ್ಯ. ಸ್ಟಾಕಿನ ತಲೆ (ಆ್ಯಕ್ಷನ್ನಿಗೆ ತಾಗುವ ಮರದ ಮುಂತುದಿ) ಕಪ್ಪಾಗಿ ಮೆತ್ತಗಾಗಿದ್ದರೆ ಎಣ್ಣೆ ಇಳಿದು ಮರ ಕೊಳೆತಿದೆ.

ಜೋಡಿಯಾಗಿ ಮಾಡಿದ ಕೋವಿಗಳಲ್ಲಿ ರಿಬ್, ಲಿವರ್, ಫೋರೆಂಡ್ ಮೇಲೆ 1 ಅಥವಾ 2 ಎಂಬ ಅಂಕಿ ಇರುತ್ತದೆ, ಹಲವು ಬಾರಿ ಚಿನ್ನದಲ್ಲಿ. ಒಂದೇ ಸಿಕ್ಕರೂ ಕೊಳ್ಳಬಹುದು. ಫೋರೆಂಡ್ ಕಬ್ಬಿಣದ ನಂಬರ್ ಮಾತ್ರ ಆ್ಯಕ್ಷನ್ನಿಗೆ ಹೊಂದಲೇಬೇಕು. ಜೋಡಿಗಳಲ್ಲಿ ಫೋರೆಂಡ್‌ಗಳು ಅದಲುಬದಲಾಗುವುದು ಮಾಮೂಲು, ಇನ್ನೊಂದು ಕೋವಿಯ ಒಡೆಯನೂ ನಿಮ್ಮನ್ನೇ ಹುಡುಕುತ್ತಿರಬಹುದು.

ಹರಾಜಿನಲ್ಲಿ

ಫೋಟೋ ನೋಡಿ ಕೂಗುವುದಾದರೆ ಇಷ್ಟನ್ನು ಕೇಳಿ ಪಡೆಯಿರಿ: ಎರಡೂ ಫ್ಲ್ಯಾಟುಗಳು, ನೇರ ಮುಂದಿನಿಂದ ಮೂತಿ, ಸ್ಟಾಕಿನ ತಲೆಯ ಎರಡೂ ಬದಿ, ಅಡಿಯ ಸ್ಕ್ರೂಗಳು, ಮತ್ತು ಗೋಡೆದಪ್ಪದ ಕನಿಷ್ಠ ಅಳತೆ ಎರಡೂ ನಳಿಗೆಗೆ ಪ್ರತ್ಯೇಕವಾಗಿ. ಅಳತೆ ಕೊಡಲು ಹಿಂಜರಿದರೆ ಅದನ್ನೇ ಉತ್ತರ ಎಂದು ತಿಳಿಯಿರಿ. ಕೂಗಿದ ಬೆಲೆಯ ಮೇಲೆ ಖರೀದಿದಾರನ ಪ್ರೀಮಿಯಂ (ಹರಾಜುಮನೆಯ ಶುಲ್ಕ), ತೆರಿಗೆ, ಸಾಗಣೆ, ಆಮದು ಪರವಾನಗಿಯ ಖರ್ಚು ಸೇರುತ್ತವೆ. ಮಿತಿಯನ್ನು ಇವೆಲ್ಲ ಸೇರಿಸಿದ ಮೊತ್ತಕ್ಕೆ ಹಾಕಿಕೊಳ್ಳಿ. ಪೆಟ್ಟಿಗೆಯೊಳಗಿನ ಸಲಕರಣೆಗಳಲ್ಲಿ ದಂತದ ಹಿಡಿ ಇದ್ದರೆ ಅದೊಂದು ತುಂಡೇ ಇಡೀ ಸಾಗಣೆಯನ್ನು ಗಡಿಯಲ್ಲಿ ತಡೆಯಬಹುದು, ದಂತದ ವ್ಯಾಪಾರಕ್ಕೆ ಬಹುತೇಕ ಎಲ್ಲೆಡೆ ಕಟ್ಟುನಿಟ್ಟಾದ ನಿರ್ಬಂಧ ಇದೆ.

ಮನೆಗೆ ಬಂದ ಮೇಲೆ

ಮೊದಲ ಕೆಲಸ ಏನೂ ಮಾಡದಿರುವುದು. ಹೊಸ ಬ್ಲೂಯಿಂಗ್ (ಲೋಹಕ್ಕೆ ನೀಲಿ-ಕಪ್ಪು ಬಣ್ಣ), ಹೊಸ ವಾರ್ನಿಷ್, ತಿದ್ದಿದ ಚೆಕರಿಂಗ್ (ಮರದ ಹಿಡಿಯ ಚೌಕಳಿ ಕೆತ್ತನೆ), ಇವು ಒಮ್ಮೆ ಆದರೆ ಹಿಂದಿರುಗಲಾರವು. ತುಕ್ಕು ಹಬ್ಬುತ್ತಿದ್ದರೆ ಮಾತ್ರ ಎಣ್ಣೆ ಹಚ್ಚಿ, ಬಟ್ಟೆಯಿಂದ ನಿಧಾನವಾಗಿ ತೆಗೆಯಿರಿ. ಲೋಹಕ್ಕೆ ತೆಳು ಎಣ್ಣೆ ಅಥವಾ ವಸ್ತುಸಂಗ್ರಹಾಲಯಗಳು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ಸಾಕು. ಮುಟ್ಟಿದ ಪ್ರತಿ ಸಲ ಬೆರಳಚ್ಚು ಒರೆಸಿ, ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಗುರುತು ಮಾಡಬಲ್ಲದು.

ಚರ್ಮದ ಪೆಟ್ಟಿಗೆ ನೋಡಲು ಚೆಂದ, ಇಡಲು ಕೆಟ್ಟದ್ದು. ಚರ್ಮವೂ ಒಳಗಿನ ಉಣ್ಣೆಬಟ್ಟೆಯೂ ತೇವ ಹೀರಿ ಲೋಹಕ್ಕೆ ದಾಟಿಸುತ್ತವೆ. ಪೆಟ್ಟಿಗೆಯನ್ನು ಬೇರೆ ಇಟ್ಟು, ಕೋವಿಯನ್ನು ಬೀಗದ ಉಕ್ಕಿನ ಕಪಾಟಿನಲ್ಲಿ, ತೇವಾಂಶ 45ರಿಂದ 55 ಶೇಕಡಾ ಇರುವಂತೆ ನೋಡಿಕೊಂಡು, ಮೂತಿ ಕೆಳಗಾಗಿ ನಿಲ್ಲಿಸಿ. ಹಾಗೆ ನಿಲ್ಲಿಸಿದರೆ ಹೆಚ್ಚುವರಿ ಎಣ್ಣೆ ಸ್ಟಾಕಿನ ತಲೆಗೆ ಇಳಿಯುವುದಿಲ್ಲ. ಹ್ಯಾಮರ್ ಇಲ್ಲದ ಕೋವಿ ತೆರೆದ ಕೂಡಲೇ ಲಾಕ್ ಏರಿಕೊಳ್ಳುತ್ತದೆ. ಸ್ಪ್ರಿಂಗಿನ ಒತ್ತಡ ಇಳಿಸಲು ಸ್ನ್ಯಾಪ್ ಕ್ಯಾಪ್ ಹಾಕಿಯೇ ಟ್ರಿಗರ್ ಒತ್ತಿ. ಖಾಲಿ ಚೇಂಬರಿನ ಮೇಲೆ ಹೊಡೆದರೆ ತೋಟಾಗೆ ಬಡಿಯುವ ನೂರು ವರ್ಷದ ಸ್ಟ್ರೈಕರ್ ಮುರಿಯಬಹುದು.

ಪ್ರತಿ ಕೋವಿಗೂ ಒಂದು ಹಾಳೆ ಇರಲಿ. ಸೀರಿಯಲ್ ನಂಬರ್, ಎಲ್ಲ ಮುದ್ರೆಗಳ ಫೋಟೋ, 9 ಇಂಚಿನ ಒಳವ್ಯಾಸ, ಇಂಚಿಂಚಿನ ಗೋಡೆದಪ್ಪ, ಚೇಂಬರಿನ ಉದ್ದ, ಅಳೆದ ದಿನಾಂಕ, ತಯಾರಕರ ಪತ್ರ, ಲೈಸೆನ್ಸಿನ ಪ್ರತಿ, ಬಿಚ್ಚಿಟ್ಟ ಬಿಡಿಭಾಗ ಎಲ್ಲಿದೆ ಎಂಬ ಟಿಪ್ಪಣಿ. ಮುಂದೆ ಮಾರುವಾಗ ಈ ಹಾಳೆಗೆ ಬೆಲೆ ಬರುತ್ತದೆ. ನಿಮ್ಮ ನಂತರ ಕಪಾಟು ತೆರೆಯುವವರಿಗೆ ಪರವಾನಗಿ ಇಲ್ಲದಿರಬಹುದು, ಆದ್ದರಿಂದ ಯಾರನ್ನು ಸಂಪರ್ಕಿಸಬೇಕು, ಕೋವಿಗಳನ್ನು ಯಾವ ಅಧಿಕೃತ ವ್ಯಾಪಾರಿಯ ಬಳಿ ಒಪ್ಪಿಸಬೇಕು ಎಂಬುದನ್ನೂ ಅದರ ಹಿಂಬದಿಯಲ್ಲಿ ಬರೆದು, ಹಾಳೆಯ ಒಂದು ಪ್ರತಿಯನ್ನು ಕಪಾಟಿನ ಹೊರಗೆ ಇಡಿ.